ಮ್ಯಾಂಗಲೋರ್‌ನಲ್ಲಿ ಇಳಿದ ಪುಷ್ಪಕ

ನಗುತ್ತಾ ಬೈಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಹೃಷಿಕೇಶನಿಗೆ ಅದು ಚೆನ್ನಾಗಿ ಸಿದ್ಧಿಸಿತ್ತು. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಯ ಎದುರು ನಿಂತು, ಅವಳ ಕಡೆಗೇ ಬಾಯಿ ತುಂಬ ನಗುತ್ತಾ, ಬಿಸಿಲಿನ ಬಗ್ಗೆ ಮಾತಾಡುವ ದನಿಯಲ್ಲಿ ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದ್ದ: “ಮೊಸರು ತಗೋ ಅಂದಿದ್ದು ಮರೆತೆ ಅಲ್ವಾ? ಮನೆಗೆ ನಡಿ. ಬಾಗಿಲು ಹಾಕಿದ ಮೇಲೆ ನಿನ್ನ ಕೈ ಮುರೀತೀನಿ.” ಆ ಹುಡುಗಿ ಕಣ್ಣರಳಿಸಿ, ಇದು ಯಾವ ಭಾಷೆ, ಕೇಳುವುದಕ್ಕೆ ಎಷ್ಟು ಸಿಹಿಯಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಪರ್ಣ “ಥ್ಯಾಂಕ್ ಯೂ” ಅಂದಳು. ಮನೆಗೆ ಹೋದ ಮೇಲೆ ಅವನು ಮಾತಿಗೆ ತಪ್ಪಲಿಲ್ಲ. ಕೈಯ ಬದಲು ಕಿರುಬೆರಳು ಮುರಿದ, ಅಷ್ಟೇ ವ್ಯತ್ಯಾಸ.

ಈ ದೇಶದಲ್ಲಿ ಕನ್ನಡವೆಂದರೆ ಅವನ ಪಾಲಿಗೆ ಬಾಗಿಲು ಹಾಕಿದ ಕೋಣೆ. ರೈಲಿನಲ್ಲಿ, ಡಾಕ್ಟರ ಎದುರಿಗೆ, ಮಗಳು ಶರ್ವಾಣಿಯ ಸ್ಕೂಲಿನ ಸಮಾರಂಭದಲ್ಲಿ, ಎಲ್ಲಿ ಬೇಕಾದರೂ ಹೆಂಡತಿಯನ್ನು ಆ ಕೋಣೆಯೊಳಗೆ ಎಳೆದುಕೊಂಡು ಹೋಗುತ್ತಿದ್ದ. ಕನ್ನಡದವರು ಇದ್ದ ಕಡೆ ಮಾತ್ರ ಬಾಯಲ್ಲಿ ಜೇನು. ನಾರ್ವೆಸ್ಟ್‌ನ ಆಫೀಸಿನಲ್ಲಿ ಎಲ್ಲರಿಗೂ ಬೇಕಾದ ಬಾಸ್, ಕನ್ನಡ ಸಂಘದಲ್ಲಿ ಚೇರು ಎತ್ತಿಡುವವನೂ ಅವನೇ, ಮೈಕು ಹಿಡಿಯುವವನೂ ಅವನೇ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಇಂಥವನೊಬ್ಬನನ್ನು ಕಂಡೇ ಕಟ್ಟಿರಬೇಕು. ಒಮ್ಮೆ ಅಪರ್ಣ ಮನೆ ಬಿಟ್ಟು ರೈಲು ಹತ್ತಿದ್ದಳು. ಸಂಘದ ಹಿರಿಯರಾದ ಸತ್ಯನಾರಾಯಣ ಅಂಕಲ್ ಅವನ ಜೊತೆ ಸೆಂಟ್ರಲ್ ಸ್ಟೇಷನ್ನಿಗೇ ಬಂದು ಅವಳನ್ನು ವಾಪಸು ಕರೆತಂದರು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮಾ” ಅಂದರು. ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದೇ ಉಂಡ ಮೇಲೆ. ಅದು ಅಂಕಲ್‌ಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ವಿಮಾನ ಕಟ್ಟುವ ಹುಚ್ಚು ಅವನಿಗೆ ಹಿಡಿದದ್ದು ಶರ್ವಾಣಿ ಕಾಲೇಜಿಗೆಂದು ಮೆಲ್ಬರ್ನ್‌ಗೆ ಹೋದ ವರ್ಷ. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದವು, ಕಾರು ಗ್ಯಾರೇಜಿನಿಂದ ಬೀದಿಗೆ ಬಿತ್ತು. ಇಬ್ಬರೇ ಕೂರುವ ಪುಟ್ಟ ವಿಮಾನ, ಒಬ್ಬರ ಪಕ್ಕ ಒಬ್ಬರು. ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸುವ ಕೆಲಸಕ್ಕೂ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಗನ್ ಒತ್ತಿ ಹೊಡೆಯಬೇಕು, ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ರಿವೆಟ್ಟಿನ ಬೆನ್ನಿಗೆ ಆನಿಸಿ ಹಿಡಿಯಬೇಕು. ಒಳಗೆ ತೂರುವಷ್ಟು ಸಣ್ಣಗಿದ್ದವಳು ಅಪರ್ಣ. ವಿಮಾನದ ಬಾಲದೊಳಗೆ ಅಂಗಾತ ಮಲಗಿ, ಮುಖದ ಮೇಲೆ ಲೋಹದ ಪುಡಿ ಉದುರಿಸಿಕೊಳ್ಳುತ್ತಾ, ವರ್ಷಗಟ್ಟಲೆ ಆ ಗಟ್ಟಿ ಹಿಡಿದಳು. ಒಂದು ರಿವೆಟ್ ಸೊಟ್ಟಗಾದರೆ ಅವನು ಹೊರಗಿನಿಂದಲೇ ಗನ್ನನ್ನು ಅವಳ ತಲೆಯ ಪಕ್ಕದ ತಗಡಿಗೆ ಇಟ್ಟು ಟ್ರಿಗರ್ ಒತ್ತಿ ಹಿಡಿಯುತ್ತಿದ್ದ. ಆ ಡಬ್ಬಿಯೊಳಗೆ ಆ ಸದ್ದು ಕಿವಿಯಿಂದ ಹೊಕ್ಕು ಹಲ್ಲಿನವರೆಗೆ ಇಳಿಯುತ್ತಿತ್ತು. ಅವಳು ಅತ್ತು ಕೂಗಿದ ಮೇಲೆ ನಿಲ್ಲಿಸುತ್ತಿದ್ದ. ಗ್ಯಾರೇಜಿನ ಮುಂದೆ ನಾಯಿ ಕರೆದುಕೊಂಡು ಹೋಗುವ ನೆರೆಯವರು “ಗೋಯಿಂಗ್ ವೆಲ್?” ಎಂದು ಕೈ ಎತ್ತುತ್ತಿದ್ದರು.

ವಿಮಾನ ಹಾರಿದ ದಿನ ಸಂಘದವರು ಅದಕ್ಕೆ ಪುಷ್ಪಕ ಎಂದು ಹೆಸರಿಟ್ಟರು. ಗಂಡ ಹೆಂಡತಿ ಸೇರಿ ಕಟ್ಟಿದ ಪುಷ್ಪಕ ಎಂದು ಹೊಗಳಿದರು. ಸೀತೆಯನ್ನು ವಿಮಾನದಲ್ಲಿ ಮೊದಲು ಹೊತ್ತೊಯ್ದವನು ಯಾರು ಎಂದು ಒಬ್ಬರೂ ನೆನಪಿಸಿಕೊಳ್ಳಲಿಲ್ಲ.

ಅವಳ ಸೀಟಿನ ಮುಂದೆಯೂ, ಅವನದಕ್ಕೇ ಜೋಡಿಸಿದ, ವಿಮಾನವನ್ನು ಏರಿಸಿ ಇಳಿಸುವ ಒಂದು ಕಂಟ್ರೋಲ್ ಸ್ಟಿಕ್ ಇತ್ತು. ತುದಿಯಲ್ಲಿ ಒಂದು ಕೆಂಪು ಬಟನ್. ಬಟನ್ ಒತ್ತಿ ಮಾತಾಡಿದರೆ ಮಾತು ರೇಡಿಯೋದಲ್ಲಿ ಹೊರಗೆ ಹೋಗುತ್ತದೆ, ಬಿಟ್ಟರೆ ಇಬ್ಬರ ಹೆಡ್‌ಸೆಟ್ಟಿನೊಳಗೇ ಉಳಿಯುತ್ತದೆ. ಸಿಡ್ನಿಯ ಅಂಚಿನ ಕ್ಯಾಮ್ಡೆನ್ ಏರ್‌ಪೋರ್ಟಿನಲ್ಲಿ ರೇಡಿಯೋ ಪರೀಕ್ಷೆ ಮಾಡಿದಾಗ ಟವರಿನವನು, ಮೇಡಮ್ ಬಟನ್ ಒತ್ತಿದರೆ ಇಬ್ಬರ ದನಿಯೂ ಕೇಳಿಸುತ್ತಿದೆ, ವೈರಿಂಗ್ ನೋಡಿಕೋ ಎಂದಿದ್ದ. “ನೀನು ಆ ಬಟನ್ ಮುಟ್ಟಬೇಡ, ಅಷ್ಟೇ ರಿಪೇರಿ” ಅಂದಿದ್ದ ಹೃಷಿಕೇಶ್. ಅವಳು ಮುಟ್ಟಿರಲಿಲ್ಲ.

ಆ ಶನಿವಾರದ ಪ್ಲಾನ್ ಅವನದೇ. ಬೆಳಿಗ್ಗೆ ಸಿಡ್ನಿಯಲ್ಲಿ ಇಡ್ಲಿ, ಮಧ್ಯೆ ಮ್ಯಾಂಗಲೋರ್‌ನಲ್ಲಿ ಕಾಫಿ, ಮಧ್ಯಾಹ್ನ ಮೆಲ್ಬರ್ನ್‌ನಲ್ಲಿ ಮಗಳ ಜೊತೆ ಊಟ, ಸಂಜೆಗೆ ಮನೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಹುಲ್ಲುಗಾವಲಿನ ನಡುವೆ, ನಮ್ಮ ಮಂಗಳೂರಿನ ಹೆಸರೇ ಹೊತ್ತ ಮ್ಯಾಂಗಲೋರ್ ಎಂಬ ಒಂದು ಏರ್‌ಪೋರ್ಟ್ ಇದೆ. ಅದರ ಬೋರ್ಡಿನ ಮುಂದೆ ಗಂಡ ಹೆಂಡತಿ ನಿಂತು ಫೋಟೋ ಹೊಡೆಸಿಕೊಂಡು, “ಊರಿಗೆ ಬಂದ್ವಿ” ಎಂದು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕುವುದು ಅವನ ಆಸೆ. ಅದಕ್ಕಾಗಿಯೇ ಅವಳು ಬೇಕಿತ್ತು.

ಅವಳಿಗೆ ಬೇಕಿದ್ದದ್ದು ಮೆಲ್ಬರ್ನ್. ಶರ್ವಾಣಿಗೆ ಈಗ ಅಲ್ಲಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸವಿತ್ತು, ಅಲ್ಲೇ ಒಂದು ಅಪಾರ್ಟ್‌ಮೆಂಟ್ ಇತ್ತು, ಅದರಲ್ಲಿ ಅಮ್ಮನಿಗೆಂದು ಒಂದು ಮಂಚ ತಂದು ಹಾಕಿಸಿದ್ದಳು. ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ನಾಲ್ಕು ಜನರ ಎದುರು ಇಳಿಯುವುದು, ಮಗಳ ಕೈ ಹಿಡಿಯುವುದು, ವಾಪಸು ಹತ್ತುವುದಿಲ್ಲ ಎನ್ನುವುದು. ಜನರ ಎದುರು ಅವನು ಕೈ ಎತ್ತುವುದಿಲ್ಲ. ಈ ಒಂದು ಸಂಗತಿಯ ಮೇಲೆ ಅವಳ ಜೀವ ನಿಂತಿತ್ತು. ಫೋನಿನಲ್ಲಿ ಶರ್ವಾಣಿ “ಜಸ್ಟ್ ಗೆಟ್ ಹಿಯರ್, ಅಮ್ಮ” ಅಂದಿದ್ದಳು.

ತೊಂದರೆ ಇದ್ದದ್ದು ಬ್ಯಾಗಿನದು. ಪುಟ್ಟ ವಿಮಾನಕ್ಕೆ ತೂಕವೇ ಪ್ರಾಣ, ಹಾರುವ ಮುಂಚೆ ಅವನು ನೀರಿನ ಬಾಟಲಿಯನ್ನೂ ತಕ್ಕಡಿಗೆ ಹಾಕುತ್ತಿದ್ದ. ಹೆಂಡತಿಯನ್ನೂ ನೈಟಿಯಲ್ಲೇ ತಕ್ಕಡಿ ಹತ್ತಿಸಿದ. ಅವಳ ಕೈಚೀಲದಲ್ಲಿ ಒಂದು ಟವೆಲ್, ಡಬ್ಬಿಯಲ್ಲಿ ಚಕ್ಕುಲಿ ಮಾತ್ರ ಇತ್ತು. ಅವನು ಶೂ ಕಟ್ಟಿಕೊಳ್ಳಲು ಹೋದಾಗ ಅಪರ್ಣ ಬಾತ್‌ರೂಮಿನ ಚಿಲಕ ಹಾಕಿಕೊಂಡು ಒಂದರ ಮೇಲೊಂದು ಕುರ್ತಾ ಹಾಕಿದಳು, ಒಂದರ ಮೇಲೊಂದು ಪ್ಯಾಂಟು ಹಾಕಿದಳು, ಪಾಸ್‌ಪೋರ್ಟನ್ನೂ ಅಮ್ಮನ ಬಳೆಗಳನ್ನೂ ಹೊಟ್ಟೆಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡಳು. ಮೇಲೆ ಸಡಿಲವಾದ ಜಾಕೆಟ್. ತವರು ಬಿಟ್ಟು ಬಂದ ಮೇಲಿನ ಇಪ್ಪತ್ತಮೂರು ವರ್ಷಗಳ ಸಂಸಾರದಲ್ಲಿ ತನ್ನದೆನ್ನುವುದೆಲ್ಲ ಮೈಮೇಲೇ ಹಿಡಿಸಿತಲ್ಲ ಎಂದು ಅವಳಿಗೆ ದುಃಖವಾಯಿತು.

ಕ್ಯಾಮ್ಡೆನ್‌ನಿಂದ ವಿಮಾನ ಏರಿದಾಗ ಬೆಳಗು ತಂಪಾಗಿತ್ತು. ಗುಡ್ಡ ದಾಟಿದವು, ಒಣ ಹೊಲ ದಾಟಿದವು. ಅವನು ಮೊಬೈಲಿಗೆ ವೀಡಿಯೋ ಮಾಡುತ್ತಾ “ನೋಡಿ, ನಮ್ಮ ಹೋಮ್ ಮಿನಿಸ್ಟರ್” ಎಂದು ಅವಳನ್ನು ತೋರಿಸಿದ. ಅವಳು ಕೈ ಬೀಸಿದಳು. ಆಲ್ಬರಿಯ ಹತ್ತಿರ ಮರ್ರೆ ನದಿ ದಾಟುವ ಹೊತ್ತಿಗೆ ಬಿಸಿಲು ಗಾಜಿನ ಮೇಲ್ಛಾವಣಿಯನ್ನು ಸುಡತೊಡಗಿತು. ಅಪರ್ಣ ಬೆವೆತಳು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ತೋಳೆತ್ತಿದಾಗ ಜಾಕೆಟ್ಟಿನ ತೋಳು ಮೇಲೆ ಸರಿಯಿತು. ನೀಲಿ ತೋಳಿನ ಕೆಳಗೆ ಹಸಿರು ತೋಳು, ಹಸಿರಿನ ಕೆಳಗೆ ಹಳದಿ.

ಹೃಷಿಕೇಶ್ ನೋಡಿದ. ಅವನ ಬಲಗೈ ಬಂದು ಅವಳ ಹೊಟ್ಟೆಯ ಮೇಲೆ ಕೂತಿತು, ಬಟ್ಟೆಯ ಮೇಲಿನಿಂದಲೇ ಬಳೆಗಳನ್ನೂ ಪಾಸ್‌ಪೋರ್ಟಿನ ಮೂಲೆಯನ್ನೂ ತಡವಿತು.

“ಓಹೋ,” ಅಂದ. “ಸಂಸಾರಾನೇ ಕಟ್ಕೊಂಡು ಹೊರಟಿದ್ಯಾ.”

ಅವಳು ಬಾಯಿ ತೆರೆಯುವ ಮುಂಚೆ ಅವನ ಮೊಣಕೈ ಅವಳ ಮೂಗಿಗೆ ಬಡಿಯಿತು. ಮೂಗಿನೊಳಗೆ ಏನೋ ಪಟ್ಟೆಂದಿತು. ರಕ್ತ ಮೈಕಿನ ಸ್ಪಂಜಿಗೆ ಇಳಿಯಿತು. ಎರಡನೆಯ ಏಟು ಪಕ್ಕೆಗೆ ಬಿತ್ತು. ಆ ಗೂಡಿನಲ್ಲಿ ಸರಿಯಲು ಜಾಗವೇ ಇರಲಿಲ್ಲ, ಅವಳ ತಲೆ ಪಕ್ಕದ ಗಾಜಿಗೆ ಹೋಗಿ ಗುದ್ದಿತು. ವಿಮಾನ ಒಂದು ಕಡೆಗೆ ವಾಲಿತು. ಅವನು ಎಡಗೈಯಲ್ಲೇ ಅದನ್ನು ನೆಟ್ಟಗೆ ಮಾಡಿದ.

“ಶರ್ವಾಣಿನೂ ಇದರಲ್ಲಿ ಇದ್ದಾಳಾ? ಹೇಳು. ಇದ್ದಾಳಾ?”

ಇಲ್ಲಿ ಓಡಲು ಬಾಗಿಲಿಲ್ಲ, ಕೂಗಿ ಕರೆಯಲು ನೆರೆಯವರಿಲ್ಲ. ಬಾಲದೊಳಗೆ ಮಲಗಿದ್ದಾಗಿನ ಭಯವೇ ಅವಳನ್ನು ಹಿಡಿಯಿತು. ರಕ್ತ ನುಂಗಿ ತಲೆ ತಗ್ಗಿಸಿದಳು. ತಗ್ಗಿಸಿದಾಗ ಕಾಲುಗಳ ನಡುವಿನ ಸ್ಟಿಕ್ಕಿನ ತುದಿಯ ಕೆಂಪು ಬಟನ್ ಕಂಡಿತು. ಇಬ್ಬರ ದನಿಯೂ ಕೇಳಿಸುತ್ತಿದೆ ಎಂದ ಟವರಿನವನ ಮಾತು ನೆನಪಾಯಿತು. ಜಾಕೆಟ್ಟಿನ ಅಂಚನ್ನು ಸ್ಟಿಕ್ಕಿನ ಮೇಲೆ ಎಳೆದುಕೊಂಡು, ಅದರಡಿಯಲ್ಲಿ ಹೆಬ್ಬೆರಳಿನಿಂದ ಬಟನ್ ಒತ್ತಿದಳು. ಒತ್ತಿಯೇ ಹಿಡಿದಳು.

“ಹೊಡೀಬೇಡಿ,” ಅಂದಳು. “ಮೂಗಲ್ಲಿ ರಕ್ತ ಬರ್ತಿದೆ. ಮೆಲ್ಬರ್ನ್‌ನಲ್ಲಿ ನನ್ನನ್ನ ಇಳಿಸಿಬಿಡಿ, ಸಾಕು.”

“ಇಳಿಸ್ತೀನಿ, ಯಾಕೆ ಇಳಿಸಲ್ಲ,” ಅಂದ ಅವನು. ದನಿ ತಣ್ಣಗಾಗಿತ್ತು, ಅಂಗಡಿಯ ಹುಡುಗಿಯ ಎದುರಿನ ಅದೇ ದನಿ. “ಆ ಗುಡ್ಡ ಕಾಣ್ತಿದ್ಯಾ ಎಡಗಡೆ? ಅಲ್ಲಿ ಇಳಿಸ್ತೀನಿ, ಇಬ್ಬರನ್ನೂ. ಸ್ಟಿಕ್ ಮುಂದಕ್ಕೆ ತಳ್ಳಿದ್ರೆ ಒಂದೇ ನಿಮಿಷ. ಆಕ್ಸಿಡೆಂಟ್ ಅಂತಾರೆ. ಸಂಘದೋರು ಬಂದು ಅಳ್ತಾರೆ. ನನ್ನ ಬಿಟ್ಟು ಹೋದ ಹೆಂಡ್ತಿ ಅಂತ ಮಾತ್ರ ಯಾರ ಬಾಯಲ್ಲೂ ಬರಬಾರದು, ತಿಳೀತಾ?” ಎಂದು ಅವಳ ಕೂದಲು ಹಿಡಿದು ತಲೆಯನ್ನು ಮತ್ತೆ ಗಾಜಿಗೆ ಬಡಿದ. ಅವಳು ಕಿರುಚಿದಳು. ಹೆಬ್ಬೆರಳು ಜಾರಿತು.

ಬಟನ್ ಬಿಟ್ಟೊಡನೆ ಇಬ್ಬರ ಕಿವಿಯಲ್ಲೂ ಒಂದು ಗಂಡಸಿನ ದನಿ ಕೇಳಿಸಿತು. ಮೆಲ್ಬರ್ನ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್. ಯಾವುದೋ ವಿಮಾನದ ಮೈಕು ತೆರೆದೇ ಇದೆ, ಯಾರು, ಎಲ್ಲ ಸರಿಯಾಗಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ.

ಹೃಷಿಕೇಶನ ಕೈ ಅವಳ ಕೂದಲಿನಲ್ಲೇ ನಿಂತಿತು. ಬಾಯಿ ಮಾತ್ರ ತಕ್ಷಣ ಬದಲಾಯಿತು. “ಅಪಾಲಜೀಸ್, ಮೇಟ್,” ಅಂದ. “ಸ್ಟಕ್ ಮೈಕ್. ವೈಫ್ ಜೊತೆ ಹರಟೆ. ಆಲ್ ಗುಡ್ ಹಿಯರ್.” ಅಲ್ಲಿ ನೋಡುವವರು ಯಾರೂ ಇಲ್ಲದಿದ್ದರೂ ನಗುತ್ತಿದ್ದ.

“ರೋಜರ್,” ತಿಳಿಯಿತು ಎಂದ ಕಂಟ್ರೋಲರ್.

ಮುಗಿಯಿತು ಅಂದುಕೊಂಡಳು ಅಪರ್ಣ. ಅಂಗಡಿಯ ಹುಡುಗಿಗೆ ಸಿಹಿಯಾಗಿ ಕೇಳಿದ್ದು ಇವನಿಗೂ ಹಾಗೆಯೇ ಕೇಳಿರಬೇಕು. ಗುಡ್ಡ ಹತ್ತಿರ ಬರುತ್ತಿತ್ತು.

ಆಗ ಇನ್ನೊಂದು ದನಿ ಬಂತು. ಎಳೆಯ ಹೆಂಗಸಿನ ದನಿ, ಅಪ್ಪಟ ಆಸ್ಟ್ರೇಲಿಯಾದ ಇಂಗ್ಲಿಷ್. ತಾನು ನಿವೇದಿತಾ, ಆಲ್ಬರಿಗೆ ಇಳಿಯುತ್ತಿರುವ ಪ್ಯಾಸೆಂಜರ್ ವಿಮಾನದ ಕೋ-ಪೈಲಟ್ ಎಂದಳು. “ಸೆಂಟರ್, ಇಟ್ಸ್ ನಾಟ್ ಆಲ್ ಗುಡ್. ಅದು ನಮ್ಮ ಮನೆ ಭಾಷೆ, ನನಗೆ ಅರ್ಥವಾಗುತ್ತದೆ. ಅವನು ಅವಳನ್ನು ಹೊಡೆಯುತ್ತಿದ್ದಾನೆ. ವಿಮಾನವನ್ನು ಗುಡ್ಡಕ್ಕೆ ಗುದ್ದುತ್ತೇನೆ, ಆಕ್ಸಿಡೆಂಟ್ ಎನ್ನುತ್ತಾರೆ ಎಂದು ಹೇಳಿದ.” ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ಆಮೇಲೆ ಮಕ್ಕಳು ಓದುವ ಹಾಗೆ ಒಂದೊಂದೇ ಪದವಾಗಿ ಕನ್ನಡದಲ್ಲಿ ಅಂದಳು: “ಆಂಟಿ, ನಂಗೆ ಎಲ್ಲಾ ಕೇಳ್ತು. ನಾನು ಇದೀನಿ.”

ಬಾಗಿಲು ಹಾಕಿದ ಕೋಣೆಯೊಳಗೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಇನ್ನೊಬ್ಬರು ಕಾಲಿಟ್ಟಿದ್ದರು.

ಹೃಷಿಕೇಶ್ ರೇಡಿಯೋ ಆಫ್ ಮಾಡಿದ. ಅದು ಆಫ್ ಆಗಿದ್ದೇ ತಡ, ಅವನ ಮುಖದ ನಗು ಉದುರಿತು. “ನನ್ನ ಮಾನ ಕಳೆದ್ಯಲ್ಲೇ!” ಎಂದು ಮುಷ್ಟಿಯಿಂದ ಅವಳ ಕೆನ್ನೆಗೆ ಗುದ್ದಿದ, ಮತ್ತೆ ಗುದ್ದಿದ. ಅವಳಿಗೆ ನೋವಿನ ನಡುವೆಯೇ ಒಂದು ಸಂಗತಿ ಹೊಳೆಯಿತು. ರೇಡಿಯೋ ಇದ್ದರೆ ಇವನು ಸಭೆಯಲ್ಲಿ ಕೂತವನು, ಇಲ್ಲದಿದ್ದರೆ ಮನೆಯಲ್ಲಿ. ಅವಳು ಮುಂದಕ್ಕೆ ಬಿದ್ದು ಸ್ವಿಚ್ ಒತ್ತಿದಳು. ಅವನು ಆರಿಸಿದ. ಅವಳು ಮತ್ತೆ ಒತ್ತಿದಳು, ಅವನ ಮಣಿಕಟ್ಟಿಗೆ ಹಲ್ಲು ಹಾಕಿ ಕಚ್ಚಿದಳು. ಬಾಯಿಗೆ ಬಂದ ರಕ್ತ ಈ ಸಲ ಅವನದು. ಅವನು ಕೂಗಿ ಅವಳ ಬಲಗೈ ಹಿಡಿದುಕೊಂಡು, ಬಟನ್ ಒತ್ತಿದ ಆ ಹೆಬ್ಬೆರಳನ್ನು ಹಿಂದಕ್ಕೆ ಮಡಚಿದ. ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವಳ ಇನ್ನೊಂದು ಕೈಯನ್ನೂ ಸೇರಿಸಿ ಎರಡನ್ನೂ ಒಂದೇ ಹಿಡಿತದಲ್ಲಿ ಬಿಗಿ ಹಿಡಿದ.

“ಈಗ ಒತ್ತು ನೋಡೋಣ.”

ಅಪರ್ಣ ಸೊಂಟದಿಂದ ಬಗ್ಗಿ ಗದ್ದವನ್ನು ಬಟನ್ ಮೇಲೆ ಊರಿದಳು.

ಅವಳ ತಲೆಯ ಭಾರವೂ ಎದೆಯ ಭಾರವೂ ಸ್ಟಿಕ್ಕಿನ ಮೇಲೆ ಬಿತ್ತು. ವಿಮಾನದ ಮೂಗು ನೆಲದ ಕಡೆಗೆ ಬಿತ್ತು. ಚಕ್ಕುಲಿ ಡಬ್ಬಿ ಹಾರಿ ಛಾವಣಿಗೆ ಬಡಿದು ಚೂರುಗಳು ಮುಖಕ್ಕೆ ರಾಚಿದವು. ಎಂಜಿನ್ ಚೀರಿತು, ರೆಕ್ಕೆಗಳು ನಡುಗಿದವು. ಗಾಜಿನ ತುಂಬ ಮರಗಳು, ಒಂದು ಕೊಟ್ಟಿಗೆ, ಚದುರಿ ಓಡುತ್ತಿದ್ದ ಕುರಿಗಳು. ಅವನು ಗುಡ್ಡಕ್ಕೆ ಗುದ್ದುತ್ತೇನೆ ಅಂದಿದ್ದನಲ್ಲ, ಗುಡ್ಡ ಬಂದಾಗ ಅವನಿಗೆ ಸಾಯುವುದು ಬೇಡವಾಯಿತು. “ಏಳೇ! ಸಾಯ್ತೀವಿ ಕಣೇ, ಏಳೇ!” ಎಂದು ಅರಚಿದ. ಅವಳು ಗದ್ದ ಎತ್ತಲಿಲ್ಲ. ಗದ್ದವನ್ನು ಬಟನ್ ಮೇಲೆ ಒತ್ತಿಕೊಂಡೇ, ಮುರಿದ ಮೂಗಿನಿಂದ, ಗಟ್ಟಿಯಾಗಿ ಹೇಳಿದಳು: “ನನ್ನ ಹೆಸರು ಅಪರ್ಣ. ಇವನು ನನ್ನ ಗಂಡ ಹೃಷಿಕೇಶ್. ನಾನು ಸತ್ತರೆ ಅದು ಆಕ್ಸಿಡೆಂಟ್ ಅಲ್ಲ.”

ಕೊನೆಗೆ ಅವನು ಅವಳ ಕೈಗಳನ್ನು ಬಿಟ್ಟು, ತನ್ನ ಸ್ಟಿಕ್ಕನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡ. ಅವಳೂ ತಲೆ ಎತ್ತಿದಳು. ಮೈಯ ತೂಕವೆಲ್ಲ ಸೀಟಿನೊಳಗೆ ಕುಸಿಯಿತು, ಕಣ್ಣು ಕತ್ತಲಿಟ್ಟಿತು. ಬಾಲದ ಕಡೆಯಿಂದ ಲೋಹ ನರಳಿತು. ಅವಳು ಹಿಡಿದು ಕೂರಿಸಿದ ರಿವೆಟ್‌ಗಳು ಒಂದೂ ಬಿಡಲಿಲ್ಲ. ವಿಮಾನ ಮರಗಳ ತಲೆ ಸವರಿಕೊಂಡು ಮೇಲೆದ್ದಿತು.

ರೇಡಿಯೋ ಆರದೆ ಉಳಿದಿತ್ತು. ಕಂಟ್ರೋಲರ್ ಈಗ ಬೇರೆಯೇ ದನಿಯಲ್ಲಿ ಮಾತಾಡಿದ. ನೀವು ನಮ್ಮ ರೇಡಾರಿನಲ್ಲಿ ಕಾಣುತ್ತಿದ್ದೀರಿ, ಮಾತೆಲ್ಲ ರೆಕಾರ್ಡ್ ಆಗುತ್ತಿದೆ, ಹೊರಟಿದ್ದ ಮ್ಯಾಂಗಲೋರ್‌ನಲ್ಲೇ ಇಳಿಯಬೇಕು, ಪೊಲೀಸರು ಹೊರಟಿದ್ದಾರೆ. “ಅಂಡರ್‌ಸ್ಟುಡ್, ಸರ್,” ಅಂದ ಹೃಷಿಕೇಶ್, ಒಳ್ಳೆಯ ಹುಡುಗನ ಹಾಗೆ. ಸ್ವಿಚ್ಚಿನ ಕಡೆ ಅವನ ಕೈ ಎರಡು ಸಲ ಹೋಯಿತು. ಎರಡು ಸಲವೂ ಅಪರ್ಣ ಎಡಗೈಯನ್ನು ಬಟನ್ ಮೇಲಿಟ್ಟಳು, ಅವನು ಕೈ ಹಿಂತೆಗೆದುಕೊಂಡ.

ದಾರಿಯುದ್ದಕ್ಕೂ ನಿವೇದಿತಾ ಅವನಿಗೆ ಏಕಾಂತ ಸಿಗದಂತೆ ನೋಡಿಕೊಂಡಳು. ಅವಳ ವಿಮಾನ ಆಲ್ಬರಿಯಲ್ಲಿ ಇಳಿದು ನಿಂತಿತ್ತು, ಆದರೂ ರೇಡಿಯೋ ಬಿಟ್ಟಿರಲಿಲ್ಲ. ದೂರದಿಂದ ಕರಕರ ಎನ್ನುತ್ತಾ ಬಂತು ದನಿ. ಮನೆಯಲ್ಲಿ ಅಜ್ಜಿ ಫೋನಿಗೆ ಬಂದಾಗ ಆಡುವಷ್ಟೇ ಕನ್ನಡ ಅವಳಲ್ಲಿ ಇದ್ದದ್ದು. ಅದನ್ನೇ ಖರ್ಚು ಮಾಡಿದಳು.

“ಆಂಟಿ, ಚೆನ್ನಾಗಿದೀರಾ?”

“ಇದೀನಮ್ಮ.”

“ಊಟ ಆಯ್ತಾ?”

ಅಪರ್ಣಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. “ಇನ್ನೂ ಇಲ್ಲಮ್ಮ. ಮಗಳ ಜೊತೆ ಮಾಡ್ತೀನಿ,” ಅಂದಳು.

ಕೇಳುವವರಿದ್ದರು ಎಂದೋ ಏನೋ, ಅವನು ಜೀವಮಾನದಲ್ಲೇ ಅಷ್ಟು ನಯವಾಗಿ ವಿಮಾನ ಇಳಿಸಿರಲಿಲ್ಲ. ರನ್‌ವೇ ಬದಿಯಲ್ಲಿ ಪೊಲೀಸ್ ಕಾರು ನಿಂತಿತ್ತು. ಆಚೆಗೆ ಅವನು ಫೋಟೋ ಹೊಡೆಸಿಕೊಳ್ಳಬೇಕೆಂದಿದ್ದ ಬೋರ್ಡೂ ಇತ್ತು. ಗಾಜಿನ ಮುಚ್ಚಳ ತೆರೆದಾಗ ಒಣಹುಲ್ಲಿನ ವಾಸನೆಯ ಬಿಸಿಗಾಳಿ ಬಂತು. ಅಪರ್ಣ ರೆಕ್ಕೆಯ ಮೇಲೆ ಕಾಲಿಟ್ಟು ಇಳಿದಳು. ಒಬ್ಬ ಪೊಲೀಸ್ ಹೆಂಗಸು ಬಂದು ತೋಳು ಹಿಡಿದಳು. ಇನ್ನೊಬ್ಬ ಪೊಲೀಸು ಹೃಷಿಕೇಶನ ಪಕ್ಕಕ್ಕೆ ಹೋಗಿ ನಿಂತ.

ಹೃಷಿಕೇಶ್ ಕೂದಲು ಸರಿ ಮಾಡಿಕೊಂಡು ಇಳಿದಿದ್ದ. ಪೊಲೀಸರಿಬ್ಬರನ್ನೂ ನೋಡಿ ನಕ್ಕ. ಬಾಯಿ ತುಂಬ, ಕಣ್ಣಿನವರೆಗೂ ಹೋಗುವ ಅದೇ ನಗು. ವಿಮಾನ ಗಾಳಿಗೆ ಸಿಕ್ಕಿತು, ಪಾಪ ಹೆದರಿದ್ದಾಳೆ, ತಲೆ ಬಡಿಸಿಕೊಂಡಿದ್ದಾಳೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಬಿಸಿಲಿನ ಬಗ್ಗೆ ಮಾತಾಡುವ ದನಿಯಲ್ಲಿ ಕನ್ನಡದಲ್ಲಿ ಅಂದ. ಅಭ್ಯಾಸಬಲ ಎನ್ನುವುದು ಅಷ್ಟು ಕೆಟ್ಟದ್ದು.

“ಗಾಳಿಗೆ ಬಡೀತು ಅನ್ನು. ನಗು ಸ್ವಲ್ಪ. ಇಲ್ಲದಿದ್ರೆ ನಿನ್ನನ್ನ ಆಮೇಲೆ ನೋಡ್ಕೋತೀನಿ, ಮೊದಲು ಶರ್ವಾಣಿನ ಮುಗಿಸ್ತೀನಿ.”

ಪೊಲೀಸ್ ಹೆಂಗಸು ಅಪರ್ಣಳ ಮುಖ ನೋಡಿದಳು. “ವಾಟ್ ಡಿಡ್ ಹಿ ಸೇ?”

ಅಪರ್ಣ ಮುರಿದ ಹೆಬ್ಬೆರಳನ್ನು ಎದೆಗೆ ಒತ್ತಿಕೊಂಡಳು. ಗಂಡನ ಕಡೆ ನೋಡಲಿಲ್ಲ. ಅವನು ಅಂದದ್ದನ್ನು ಒಂದು ಪದವೂ ಬಿಡದೆ, ಒಂದು ಪದವೂ ಸೇರಿಸದೆ, ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಹೇಳುತ್ತಾ ಹೋದಂತೆ ಪಕ್ಕದಲ್ಲಿದ್ದ ಪೊಲೀಸಿನವನು ಹೃಷಿಕೇಶನ ಕೈಗಳನ್ನು ಬೆನ್ನ ಹಿಂದಕ್ಕೆ ತಿರುಗಿಸಿದ. ನಗು ಇನ್ನೂ ಅವನ ಮುಖದ ಮೇಲೇ ಇತ್ತು. ಅದನ್ನು ಈಗ ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಇದಕ್ಕೆ ಮುಂಚೆ ಬೇರೆ ಏನಾದರೂ ಹೇಳಿದ್ದಾನೆಯೇ ಎಂದು ಆ ಹೆಂಗಸು ಕೇಳಿದಳು.

“ಯೆಸ್,” ಅಂದಳು ಅಪರ್ಣ. “ಇಪ್ಪತ್ತಮೂರು ವರ್ಷದಿಂದ.”

ಅಲ್ಲೇ ರೆಕ್ಕೆಯ ನೆರಳಿನಲ್ಲಿ ಕೂತು, ಜಾಕೆಟ್ ಬಿಚ್ಚಿದಳು, ನೀಲಿ ಕುರ್ತಾ ಬಿಚ್ಚಿದಳು, ಹಸಿರು ಕುರ್ತಾದ ತೋಳಿನಿಂದ ಮುಖದ ರಕ್ತ ಒರೆಸಿಕೊಂಡಳು. ಆಮೇಲೆ, ಅಂದು ಮರೆತ ಮೊಸರಿನಿಂದ ಹೇಳಲು ಶುರು ಮಾಡಿದಳು.